ರಖಮಾಬಾಯಿ ಹೊಲಿದ ಕೋಳಿಗೂಡು

ನಾನು ಒಂದು ಕೋಳಿಗೂಡು. ನನ್ನ ಜಾತಿಯವು ಸಾಮಾನ್ಯವಾಗಿ ಬಡಗಿಯ ಅಂಗಳದಲ್ಲಿ, ಮರದ ಹೊಟ್ಟಿನ ನಡುವೆ ಹುಟ್ಟುತ್ತವೆ. ನಾನು ಹುಟ್ಟಿದ್ದು ಬೆಟಗೇರಿಯ ಒಂದು ಹೊಲಿಗೆ ಕೋಣೆಯಲ್ಲಿ, ಬ್ಲೌಸ್ ಪೀಸುಗಳ ರಾಶಿಯ ಪಕ್ಕದಲ್ಲಿ. ನನ್ನನ್ನು ಮಾಡಿದವಳು ರಖಮಾಬಾಯಿ. ಓಣಿಯ ಹೆಂಗಸರಿಗೆ ಬ್ಲೌಸು ಹೊಲಿದುಕೊಡುವುದರಲ್ಲಿ ಅವಳದು ಎತ್ತಿದ ಕೈ. ಮರಗೆಲಸದಲ್ಲಿ ಮಾತ್ರ, ದೇವರಾಣೆ, ಸುತ್ತಿಗೆಯನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂಬುದೂ ಅವಳಿಗೆ ತಿಳಿದಿರಲಿಲ್ಲ. ಇದನ್ನು ದೂರಲೆಂದು ಹೇಳುತ್ತಿಲ್ಲ. ಹೆತ್ತವಳನ್ನು ಆಡಿಕೊಳ್ಳುವ ಕೂಸು ನಾನಲ್ಲ. ಆದರೆ ನನ್ನ ಮೈಯ ಓರೆಕೋರೆ ನೋಡಿ ನಕ್ಕವರು ಬಹಳ ಮಂದಿ ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೋಳಿ ಸಾಕುವ ಆಸೆ ರಖಮಾಬಾಯಿಗೆ ಎಂದೂ ಇರಲಿಲ್ಲ. ಕೋಳಿ ಹಿಕ್ಕೆ ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವ ಹೆಂಗಸು ಅವಳು. ಅವಳಿಗೆ ಬೇಕಾಗಿದ್ದದ್ದು ಬೇರೆಯೇ. ತನ್ನ ವೈನಿ ಮನೆ ಬಿಟ್ಟು ಹೋಗಬಾರದು, ಅಷ್ಟೇ. ಅಣ್ಣನ ಹೆಂಡತಿಯನ್ನು ಆ ಕಡೆಯ ಜನ ವೈನಿ ಎನ್ನುತ್ತಾರೆ. ಈ ವೈನಿಯ ಹೆಸರು ಹೌಸಾಬಾಯಿ.

ಆ ಮನೆಯಲ್ಲಿ ಮೊದಲು ಮೂವರಿದ್ದರು. ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಬಾಳಕೃಷ್ಣ, ಅವನ ಹೆಂಡತಿ ಹೌಸಾಬಾಯಿ, ಮದುವೆಯಾಗದೆ ಉಳಿದ ಅವನ ತಂಗಿ ರಖಮಾಬಾಯಿ. ಮಕ್ಕಳು ಇರಲಿಲ್ಲ. ಹೌಸಾಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ ನಾದಿನಿಯರಿಗೆ ಯಾವುದೋ ಸಣ್ಣ ಮಾತಿಗೆ ಮುನಿಸಾಯಿತು. ಏತಕ್ಕೆ ಎಂಬುದು ಮುಂದೆ ಇಬ್ಬರಿಗೂ ಮರೆತುಹೋಯಿತು, ಮುನಿಸಿನ ಅಭ್ಯಾಸ ಮಾತ್ರ ಉಳಿಯಿತು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಬಾಳಕೃಷ್ಣನ ಮೂಲಕ ಮಾತಾಡುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನಿಮ್ಮ ತಂಗಿಗೆ ಹೇಳಿ ಎಂದು ಇವಳು ಅನ್ನುವಳು. ಜಾಸ್ತಿಯಾದರೆ ನೀರು ಬೆರೆಸಿಕೊಳ್ಳಲು ವೈನಿಗೆ ಹೇಳಣ್ಣ ಎಂದು ಅವಳು ಅನ್ನುವಳು. ಆತ ನಡುವೆ ಕೂತು ಎರಡೂ ಕಡೆ ತಲೆಯಾಡಿಸುತ್ತ ಊಟ ಮುಗಿಸುತ್ತಿದ್ದನಂತೆ. ಇದೆಲ್ಲ ನಾನು ಹುಟ್ಟುವ ಮುಂಚಿನ ಸಂಗತಿ. ಆಮೇಲೆ ಇಬ್ಬರೂ ನನ್ನೆದುರು ಬೇರೆಬೇರೆಯಾಗಿ ಹೇಳಿಕೊಂಡಿದ್ದರಿಂದ ನನಗೆ ತಿಳಿಯಿತು.

ಒಂದು ಬೆಳಗ್ಗೆ ಬಾಳಕೃಷ್ಣ ಚಹಾದ ಬಟ್ಟಲು ಕೆಳಗಿಡುವ ಮೊದಲೇ ಎದೆ ಹಿಡಿದುಕೊಂಡು ತೀರಿಹೋದ. ಅವನ ಜೊತೆಗೇ ಆ ಇಬ್ಬರು ಹೆಂಗಸರ ನಡುವಿನ ಮಾತಿನ ಹಾದಿಯೂ ಮುಚ್ಚಿಹೋಯಿತು. ಮನೆ ಭಣಗುಟ್ಟತೊಡಗಿತು. ರೊಟ್ಟಿ ಬಡಿಯುವ ಸದ್ದು, ಮಷೀನಿನ ಸದ್ದು, ಅಷ್ಟೇ.

ವರ್ಷದ ಕಾರ್ಯ ಮುಗಿಯುವವರೆಗೆ ಹೆಂಡತಿಯಾದವಳು ಗಂಡನ ಮನೆ ಬಿಟ್ಟು ಬೇರೆಡೆ ರಾತ್ರಿ ಕಳೆಯಬಾರದು ಎಂಬುದು ಅವರ ಮನೆತನದ ಪದ್ಧತಿ. ಆಮೇಲೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆಂದು ಹೌಸಾಬಾಯಿಯ ಅಣ್ಣ ಧೋಂಡಿಬಾ ದಿನಕರ್ಮದ ದಿನವೇ ಹತ್ತು ಜನರೆದುರು ಹೇಳಿ ಹೋಗಿದ್ದ. ಅವನ ಊರು ರೋಣದ ಆಚೆ, ಎರೆಭೂಮಿಯ ಸೀಮೆಯಲ್ಲಿ. ಅಂದಿನಿಂದ ರಖಮಾಬಾಯಿ ದಿನ ಎಣಿಸತೊಡಗಿದಳು. ಒಬ್ಬಳೇ ಆ ಮನೆಯಲ್ಲಿ ಇರುವುದು ತನ್ನಿಂದ ಆಗದ ಮಾತು ಎಂದು ಅವಳಿಗೆ ಗೊತ್ತಿತ್ತು. ಮುನಿಸಿಕೊಳ್ಳುವುದಕ್ಕಾದರೂ ಮನೆಯಲ್ಲಿ ಒಬ್ಬರು ಬೇಕಲ್ಲ.

ಹೀಗಿರುವಾಗ ಒಂದು ಸಂಜೆ ಹೌಸಾಬಾಯಿ ಕಟ್ಟೆಯ ಮೇಲೆ ಕೂತು, ತನ್ನ ತವರಲ್ಲಿ ಚಿಕ್ಕಂದಿನಲ್ಲಿ ಕೋಳಿ ಸಾಕುತ್ತಿದ್ದ ಕತೆಯನ್ನು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನಕ್ಕಳು. ಒಳಗೆ ಮಷೀನು ತುಳಿಯುತ್ತಿದ್ದ ರಖಮಾಬಾಯಿಯ ಕಾಲು ನಿಂತುಬಿಟ್ಟಿತು. ಅಣ್ಣ ಹೋದ ಮೇಲೆ ವೈನಿ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಮರುದಿನವೇ ನನ್ನ ಗರ್ಭಧಾರಣೆಯಾಯಿತೆನ್ನಿ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ಗಿರಾಕಿಯಿಂದ ರಖಮಾಬಾಯಿ ಹಿತ್ತಲ ಕೋಳಿ ಸಾಕಣೆಯ ಒಂದು ಪುಸ್ತಿಕೆ ತರಿಸಿಕೊಂಡಳು. ಅದರ ನಡುಪುಟದಲ್ಲಿ ಗೂಡಿನ ನಕ್ಷೆ ಇತ್ತು. ಮುಂದಿನಿಂದ ಕಂಡಂತೆ ಒಂದು ಚಿತ್ರ, ಪಕ್ಕದಿಂದ ಒಂದು, ಮೇಲಿನಿಂದ ಒಂದು. ಅವಳು ಅದನ್ನು ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿ, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. ಕೊನೆಗೆ ಅವಳಿಗೆ ತಿಳಿಯುವ ರೀತಿಯಲ್ಲೇ ತಿಳಿದುಕೊಂಡಳು. ಇದು ಮುಂಭಾಗ, ಇದು ಬೆನ್ನು, ಇವೆರಡು ತೋಳು. ಚಾವಣಿಯನ್ನು ಕಾಲರು ಎಂದಳೋ ಏನೋ, ನನಗೆ ಸರಿಯಾಗಿ ನೆನಪಿಲ್ಲ.

ಸಾಮಾನು ಕೂಡಿಸಿದ್ದೂ ಹಾಗೆಯೇ. ಹಲಗೆಗಳು ಮಷೀನಿನ ಸಾಮಾನು ತುಂಬಿ ಬರುವ ಹಳೆಯ ಪೆಟ್ಟಿಗೆಗಳವು. ಕಾಲಿಗೆ ಮೂಲೆಮನೆಯ ನೇಕಾರರು ಬಿಚ್ಚಿಟ್ಟಿದ್ದ ಮಗ್ಗದ ತುಂಡುಗಳು. ಗರಗಸ, ಸುತ್ತಿಗೆ, ಮೊಳೆ, ಜಾಲರಿ, ತಗಡು ಪೇಟೆಯಿಂದ ಬಂದವು. ಮೊದಲು ಅವಳು ಹಳೆಯ ಪೇಪರಿನಲ್ಲಿ ನನ್ನನ್ನು ಕತ್ತರಿಸಿದಳು, ಬ್ಲೌಸಿಗೆ ಕತ್ತರಿಸುವಂತೆ. ಪೇಪರನ್ನು ಹಲಗೆಯ ಮೇಲಿಟ್ಟು, ಕೊರಳಲ್ಲಿ ನೇತುಬಿದ್ದ ಟೇಪಿನಿಂದ ಅಳೆದು, ಬಟ್ಟೆಗೆ ಗುರುತು ಹಾಕುವ ಬಣ್ಣದ ಸುಣ್ಣದಿಂದ ಗೆರೆ ಎಳೆದಳು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಗೆರೆಯ ಆಚೆ ಇನ್ನೊಂದು ಗೆರೆ ಎಳೆದಳು. ಹೊಲಿಗೆಗೆಂದು ಅರ್ಧ ಇಂಚು, ಮುಂದೆ ಮೈ ಬಂದರೆ ಬಿಚ್ಚಲಿಕ್ಕೆಂದು ಇನ್ನೊಂದು ಇಂಚು. ಅಂಚು ಬಿಡದೆ ಕತ್ತರಿಸಿದ ದರ್ಜಿ ಎರಡನೇ ಸಲ ಗಿರಾಕಿಯ ಮುಖ ನೋಡಲಾರ ಎಂದು ಅವಳಿಗೆ ಅವಳ ಅಪ್ಪ ಕಲಿಸಿದ್ದ. ಕೈ ತನ್ನಷ್ಟಕ್ಕೆ ತಾನೇ ಅಂಚು ಬಿಡುತ್ತಿತ್ತು. ಬಟ್ಟೆಯಾದರೆ ಆ ಹೆಚ್ಚಿನ ಅಂಚು ಒಳಕ್ಕೆ ಮಡಚಿಕೊಂಡು ಸುಮ್ಮನೆ ಕೂರುತ್ತದೆ. ಹಲಗೆ ಮಡಚುತ್ತದೆಯೇ? ಮೊಳೆ ಹೊಡೆಯಲು ಕೂತಾಗ ಒಂದರ ತುದಿ ಇನ್ನೊಂದರ ಮೇಲೆ ಏರಿತು, ಅದರ ಪಕ್ಕದ್ದು ಕೆಳಗೇ ಉಳಿಯಿತು, ನನ್ನ ನಾಲ್ಕು ಮೂಲೆಯೂ ಬಾಯಿ ಬಿಟ್ಟವು. ಮುಂದಿನ ಮೂಲೆಗಳಲ್ಲಿ ಬೆರಳು ತೂರುತ್ತಿತ್ತು, ಹಿಂದಿನ ಒಂದು ಮೂಲೆಯಲ್ಲಂತೂ ಮುಷ್ಟಿಯೇ ತೂರುತ್ತಿತ್ತು.

ಬೇರೆಯವರಾಗಿದ್ದರೆ ಬಿಚ್ಚಿ ಮತ್ತೆ ಕತ್ತರಿಸುತ್ತಿದ್ದರು. ರಖಮಾಬಾಯಿ ಆ ಸಂದುಗಳನ್ನು ನೋಡಿ, ಇದಕ್ಕೆ ಪೈಪಿಂಗ್ ಕೊಟ್ಟರಾಯಿತು ಎಂದುಕೊಂಡಳು. ಬ್ಲೌಸಿಗೆ ಕತ್ತರಿಸಿ ಉಳಿದ ಖಣದ ತುಂಡುಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ಸಂದಿನ ಉದ್ದಕ್ಕೂ ಸಣ್ಣ ಮೊಳೆಗಳಿಂದ ಎಷ್ಟು ಅಚ್ಚುಕಟ್ಟಾಗಿ ಬಿಗಿದಳೆಂದರೆ, ದೂರದಿಂದ ನೋಡಿದವರಿಗೆ ನಾನು ಗೂಡಲ್ಲ, ಹಬ್ಬಕ್ಕೆ ಸಿಂಗರಿಸಿಕೊಂಡ ಹುಡುಗಿ ಎನ್ನಿಸಬೇಕು. ಕೆಂಪು ಅಂಚು, ಹಸಿರು ಅಂಚು. ನನಗೆ ಬಹಳ ಹೆಮ್ಮೆಯಾಯಿತು. ಹೆಮ್ಮೆಪಡುವ ವಯಸ್ಸು ಅದು.

ನನ್ನನ್ನು ಹಿತ್ತಲಿನ ನುಗ್ಗೆ ಗಿಡದ ಕೆಳಗೆ ಇಟ್ಟಳು. ಹೌಸಾಬಾಯಿ ಪಾತ್ರೆ ತೊಳೆಯಲು ಬಂದವಳು ನನ್ನನ್ನು ನೋಡಿ ನಿಂತಳು. ಸುತ್ತ ಒಂದು ಸುತ್ತು ಬಂದಳು. ಹಿಂದಿನ ಮೂಲೆಯ ಹತ್ತಿರ ಬಗ್ಗಿ, ಖಣದ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಆಮೇಲೆ ಕೇಳಿದ್ದು ಬೇರೆ ಮಾತು.

"ಕೋಳಿ ಎಲ್ಲೆದಾವ?"

ರಖಮಾಬಾಯಿ ಪೆಚ್ಚಾದಳು. ಗೂಡು ಕಟ್ಟುವ ಗದ್ದಲದಲ್ಲಿ ಕೋಳಿ ತರಬೇಕೆಂಬುದು ಅವಳಿಗೆ ಮರೆತೇ ಹೋಗಿತ್ತು. ಹೌಸಾಬಾಯಿ ಮುಖ ಆಚೆ ತಿರುಗಿಸಿಕೊಂಡಳು. ನಾನು ಕೆಳಗಿನಿಂದ ನೋಡುತ್ತಿದ್ದೆ, ಅವಳು ನಗುತ್ತಿದ್ದಳು. ಮುಂದಿನ ಸಂತೆಯಲ್ಲಿ ತಾನೇ ಹೋಗಿ ಜವಾರಿ ಕೋಳಿಗಳನ್ನು ಆರಿಸಿ ತಂದಳು. ಕೆಂಚು ಬಣ್ಣದ ಒಂದಕ್ಕೆ ಕೆಂಚಿ ಎಂದು ಹೆಸರಿಟ್ಟಳು.

ನನ್ನ ಬದುಕಿನ ಒಳ್ಳೆಯ ದಿನಗಳು ಅವು. ಗೂಡೆಂದರೆ ಒಳಗೆ ಬಿಸುಪು ಇರಬೇಕು, ರೆಕ್ಕೆ ಕೊಡವುವ ಸದ್ದು ಇರಬೇಕು. ಹೌಸಾಬಾಯಿ ದಿನಾ ಮಧ್ಯಾಹ್ನ ಜೋಳದ ನುಚ್ಚು ಹಿಡಿದು ನನ್ನ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದಳು. ಮನೆಯೊಳಗೆ ಆಡದ ಮಾತನ್ನೆಲ್ಲ ಕೋಳಿಗಳ ಹತ್ತಿರ ಆಡುತ್ತಿದ್ದಳು. ಒಂದು ದಿನ ಕೆಂಚಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು.

"ಇದು ರಖಮಾನ ಅಪ್ಪ ಕಟ್ಟಿಸಿದ ಮನಿ. ಮನೀ ಮಗಳು ಆಕಿ. ಆಕಿ ಬಾಯ್ಬಿಟ್ಟು ಒಂದ್ಸಲ ಇರ್ರಿ ಅಂದ್ರ ನಾ ಎಲ್ಲಿಗೆ ಹೋಗ್ತಿದ್ನೆವ್ವಾ? ಕರೀಲಾರದ ಮನ್ಯಾಗ ಹೆಂಗ ಇರ್ಲಿ?"

ಅದೇ ವಾರ, ಹೌಸಾಬಾಯಿ ಮನೆಯಲ್ಲಿ ಇಲ್ಲದಾಗ, ರಖಮಾಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು ನನ್ನ ನೆಲ ಬಳಿಯಲು ಬಂದಳು. ಅವಳೂ ತನ್ನಷ್ಟಕ್ಕೆ ತಾನು ಮಾತಾಡುವ ಹೆಂಗಸೇ. ವೈನಿ ಈ ಮನೆಯ ಯಜಮಾನಿ, ತಾನು ಅಣ್ಣನ ಅನ್ನ ಉಂಡು ಉಳಿದವಳು, ಯಜಮಾನಿಗೆ ನಿಮ್ಮ ಮನೆಯಲ್ಲಿ ನೀವು ಇರಿ ಎನ್ನಲು ತಾನು ಯಾರು, ಹಾಗಂದರೆ ಅಧಿಕಪ್ರಸಂಗ ಆದೀತು ಎಂದು ಗೊಣಗಿದಳು. ಗೊಣಗುತ್ತಲೇ ಕಣ್ಣೊರೆಸಿಕೊಂಡಳು.

ನೋಡಿ ನನ್ನ ಪಾಡು. ಆ ಮನೆಯಲ್ಲಿ ಎರಡೂ ಕಡೆಯ ಮಾತು ಕೇಳಿದ್ದು ನಾನೊಂದೇ. ಇವಳು ಅವಳ ಮನೆ ಎನ್ನುತ್ತಾಳೆ, ಅವಳು ಇವಳ ಮನೆ ಎನ್ನುತ್ತಾಳೆ. ಇಬ್ಬರನ್ನೂ ಎದುರುಬದುರು ಕೂರಿಸಿ ಹೇಳಲು ನನಗೆ ಬಾಗಿಲಿತ್ತು, ಬಾಯಿ ಇರಲಿಲ್ಲ. ಗಾಳಿ ಬಂದಾಗ ಬಾಗಿಲಿನ ಬಿಜಾಗರಿ ಕಿರ್ ಎಂದು ಸದ್ದು ಮಾಡುತ್ತಿತ್ತು. ಎಣ್ಣೆ ಬಿಡಬೇಕು ಎಂದು ಇಬ್ಬರೂ ಅಂದುಕೊಂಡರು.

ವರ್ಷದ ಕಾರ್ಯ ಹತ್ತಿರ ಬಂದಂತೆ ಕೆಂಚಿ ಕಾವಿಗೆ ಕೂತಳು. ಹೌಸಾಬಾಯಿ ಅವಳ ಕೆಳಗೆ ಮೊಟ್ಟೆ ಜೋಡಿಸಿಟ್ಟಳು. ಕಾರ್ಯ ಮುಗಿಯಿತು, ನೆಂಟರು ಉಂಡು ಎದ್ದರು, ಧೋಂಡಿಬಾ ಹಿತ್ತಲಿಗೆ ಕೈ ತೊಳೆಯಲು ಬಂದವನು ತಂಗಿಗೆ ಗಂಟು ಕಟ್ಟು ಎಂದ. ಹೌಸಾಬಾಯಿ ನನ್ನ ಕಡೆ ಕೈ ತೋರಿಸಿ, ಕಾವಿಗೆ ಕೂತ ಕೋಳಿ ಬಿಟ್ಟು ಬರಬಾರದು, ಮರಿಯಾಗುವವರೆಗೆ ಇದ್ದು ಬರುತ್ತೇನೆ ಎಂದಳು. ಕೋಳಿಯ ನೆವಕ್ಕೆ ನಿಲ್ಲುವವಳನ್ನು ಇವತ್ತೇ ಕಂಡೆ ಎಂದು ಆತ ಗೊಣಗಿದ. ಆದರೂ ಒಪ್ಪಿ ಹೋದ.

ಅವತ್ತು ರಖಮಾಬಾಯಿಯ ಸಂತೋಷ ನೋಡಬೇಕಿತ್ತು. ನೆಂಟರೆಲ್ಲ ಹೋದ ಮೇಲೆ ಬೊಗಸೆ ತುಂಬ ನುಚ್ಚು ತಂದು ಕೆಂಚಿಯ ಮುಂದೆ ಸುರಿದಳು. "ನಿಧಾನಕ್ಕ ಕುಂದ್ರವ್ವಾ, ಅವಸರ ಬ್ಯಾಡ," ಎಂದಳು. ಮೊಟ್ಟೆಗಳಿಗೆ ಮಾತ್ರ ಅವಸರ ಇತ್ತು. ಒಳಗೆ ಜೀವ ಕೂಡುತ್ತಿದ್ದದ್ದು ನನ್ನ ಹಲಗೆಗಳಿಗೆ ತಿಳಿಯುತ್ತಿತ್ತು.

ಅನಾಹುತ ನಡೆದದ್ದು ಒಂದು ಮಧ್ಯಾಹ್ನ. ಹೌಸಾಬಾಯಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ರಖಮಾಬಾಯಿ ಮುಂದಿನ ಕೋಣೆಯಲ್ಲಿ ಮದುವೆಮನೆಯ ಬ್ಲೌಸುಗಳಿಗೆ ಕೂತಿದ್ದಳು. ಉಳಿದ ಕೋಳಿಗಳು ಹಿತ್ತಲಲ್ಲಿ ಕೆದಕುತ್ತಿದ್ದವು. ಗೋಡೆಯ ಮೇಲಿಂದ ಒಂದು ಮುಂಗುಸಿ ಇಳಿದು ಬಂತು. ನನ್ನ ಬಾಗಿಲು ಮೂಸಿತು, ಜಾಲರಿ ಮೂಸಿತು. ಆಮೇಲೆ ಹಿಂದಿನ ಮೂಲೆಗೆ ಹೋಗಿ ಖಣದ ಪಟ್ಟಿಯನ್ನು ಹಲ್ಲಿನಿಂದ ಹಿಡಿದು ಎಳೆಯಿತು. ಬಟ್ಟೆ ಎಷ್ಟು ಚೆಂದ ಹೊಲಿದರೂ ಬಟ್ಟೆಯೇ. ಕೆಂಚಿ ಮೊಟ್ಟೆಗಳನ್ನು ಬಿಟ್ಟು ಏಳಲಿಲ್ಲ. ಮುಂದಿನದನ್ನು ನಾನು ಹೇಳಲಾರೆ. ನನ್ನ ಒಳಗೇ ಆಯಿತು, ನಾನು ಗೋಡೆಯಂತೆ ನಿಂತು ನೋಡಿದೆ.

ಸದ್ದು ಕೇಳಿ ರಖಮಾಬಾಯಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೌಸಾಬಾಯಿ ಹಿಟ್ಟಿನ ಡಬ್ಬಿ ಹೊತ್ತು ಬಂದಾಗ ಅವಳು ನನ್ನ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದಳು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಂಡ ಅಂಗುಸ್ತಾನ ಹಾಗೇ ಇತ್ತು. ಹೌಸಾಬಾಯಿ ಡಬ್ಬಿ ಇಳಿಸಿ ಒಳಗೆ ಬಗ್ಗಿ ನೋಡಿದಳು. ಅಳಲಿಲ್ಲ. ಬೈಯಲೂ ಇಲ್ಲ. ಹರಿದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ರಖಮಾಬಾಯಿಯ ಮುಖವನ್ನೇ ನೋಡುತ್ತ ನಿಂತಳು. ನನಗೆ ಗೊತ್ತಿತ್ತು, ಅವಳು ಒಂದು ಮಾತಿಗೆ ಕಾಯುತ್ತಿದ್ದಳು. ಇನ್ನು ಕೋಳಿಯ ನೆವ ಇಲ್ಲ, ಈಗಲಾದರೂ ಕರೆಯುತ್ತಾಳೆ ಎಂದು.

ರಖಮಾಬಾಯಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತನ್ನ ಕೈಗೆಲಸ ವೈನಿಯ ಕೋಳಿಯನ್ನು ಕೊಂದಿತು, ಇನ್ನು ಯಾವ ಮುಖದಿಂದ ಇರಿ ಎನ್ನಲಿ ಎಂದು ಅವಳ ಮನಸ್ಸು. ಕೊನೆಗೆ ನೆಲ ನೋಡುತ್ತ ಕೇಳಿದಳು.

"ನಿಮ್ಮ ಅಣ್ಣಗ ಫೋನ್ ಹಚ್ಲೇನ್ರಿ ವೈನಿ?"

ಹೌಸಾಬಾಯಿ ಹರಿದ ಪಟ್ಟಿಯನ್ನು ಮಡಚಿ ನನ್ನ ಮೇಲಿಟ್ಟಳು.

"ಹಚ್ಚು," ಎಂದಳು.

ಧೋಂಡಿಬಾ ಬಂದ ಮೇಲೆ ಉಳಿದ ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೌಸಾಬಾಯಿ ಹೋದಳು. ಹೋಗುವ ಮೊದಲು ರಖಮಾಬಾಯಿ ವೈನಿಯ ಕೈಗೆ ಹೊಸ ಖಣ ಕೊಟ್ಟಳು, ಇಬ್ಬರೂ ಒಬ್ಬರ ಕಾಲಿಗೆ ಒಬ್ಬರು ಬಗ್ಗಲು ಹೋಗಿ ತಲೆ ತಾಕಿಸಿಕೊಂಡರು. ಹೇಳಬೇಕಾದ ಮಾತು ಮಾತ್ರ ಹಾಗೇ ಉಳಿಯಿತು.

ನನ್ನೊಳಗೆ ಯಾರೂ ಇಲ್ಲದ ದಿನಗಳು ಶುರುವಾದವು. ಒಂದು ಪುಕ್ಕ ಬಹಳ ದಿನ ಜಾಲರಿಗೆ ಸಿಕ್ಕಿಕೊಂಡಿತ್ತು, ಆಮೇಲೆ ಅದೂ ಹಾರಿಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ರಖಮಾಬಾಯಿ ಪೇಟೆಯಿಂದ ತಗಡಿನ ಪಟ್ಟಿ ತಂದು ನನ್ನ ನಾಲ್ಕು ಮೂಲೆಗೂ ಬಡಿದಳು. ಬಡಿಯುವಾಗ ಒಂದೆರಡು ಸಲ ಬೆರಳ ಮೇಲೇ ಹೊಡೆದುಕೊಂಡಳು. ಯಾರಿಗಾಗಿ ಬಡಿಯುತ್ತಿದ್ದಾಳೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ತಿಳಿಯಲಿಲ್ಲ.

ಹಿತ್ತಲ ಬಾಗಿಲು ತೆರೆದಿದ್ದರೆ ನಾನಿದ್ದಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಅವಳು ಒಬ್ಬಳಿಗೇ ರೊಟ್ಟಿ ಬಡಿದುಕೊಳ್ಳುತ್ತಿದ್ದಳು. ಗೋಡೆಯ ಮೇಲೆ ಬಾಳಕೃಷ್ಣನ ಫೋಟೋ ಇತ್ತು. ಒಂದು ಸಂಜೆ ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು ಫೋಟೋದ ಕಡೆ ನೋಡಿ, "ಅಣ್ಣಾ, ಬಂದುಬಿಡ್ರಿ ಅಂತ ವೈನಿಗೆ ಹೇಳೋ," ಎಂದಳು. ಆತ ಬದುಕಿದ್ದಾಗಲೇ ತಲೆಯಾಡಿಸುವುದಕ್ಕಿಂತ ಹೆಚ್ಚು ಮಾಡಿದವನಲ್ಲ. ತಾಟು ಹಾಗೇ ಬಿಟ್ಟು ಎದ್ದಳು.

ಮಳೆಗಾಲ ಹೋಗಿ ಚಳಿ ಬಂತು. ಬೆಟಗೇರಿಯಲ್ಲಿ ಅಮವಾಸ್ಯೆಗೆ ಮಗ್ಗಕ್ಕೂ ರಜೆ, ಮಷೀನಿಗೂ ರಜೆ. ಅಂಥ ಒಂದು ಅಮವಾಸ್ಯೆಯ ಬೆಳಗ್ಗೆ ರಖಮಾಬಾಯಿ ಒಂದು ಟಂಟಂ ಗಾಡಿ ಕರೆಸಿ, ನನ್ನನ್ನು ಹಿಂದೆ ಹಾಕಿಸಿ, ತಾನು ಮುಂದೆ ಕೂತಳು. ಗೂಡು ಸುಮ್ಮನೆ ಹಾಳಾಗುತ್ತಿದೆ, ವೈನಿಗಾದರೂ ಆಗುತ್ತದೆ ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ದಾರಿಯುದ್ದಕ್ಕೂ ಕಪ್ಪು ನೆಲ, ಕುಸುಬೆ, ಕಡಲೆ. ಹುಟ್ಟಿದ ಊರು ಬಿಟ್ಟು ನಾನು ಹೊರಗೆ ಬಂದದ್ದು ಅದೊಂದೇ ಸಲ. ಕುಲುಕಾಟಕ್ಕೆ ನನ್ನ ಮೊಳೆಗಳೆಲ್ಲ ಸಡಿಲಾದವು.

ಧೋಂಡಿಬಾನ ಮನೆಯಲ್ಲಿ ಹೌಸಾಬಾಯಿ ಒಲೆಯ ಮುಂದಿದ್ದಳು. ಸಣ್ಣಗಾಗಿದ್ದಳು. ಅವಳು ಬಂದ ಒಂದೆರಡು ತಿಂಗಳಲ್ಲೇ ಧೋಂಡಿಬಾನ ಹೆಂಡತಿ ಹೊಲದ ಬದುವಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ, ಮಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ನೀರು ಕುಡಿಸುವುದರಿಂದ ಮೈ ತೊಳೆಸುವವರೆಗೆ ಎಲ್ಲ ಹೌಸಾಬಾಯಿಯ ಮೇಲೆ ಬಿದ್ದಿತ್ತು.

ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಅತ್ತಿಗೆ ನಾದಿನಿ ಇಬ್ಬರೇ ನನ್ನನ್ನು ಎರಡು ತುದಿಯಲ್ಲಿ ಹಿಡಿದು, ಓಣಿಗೆ ತೆರೆದುಕೊಂಡ ಹಿತ್ತಲಿಗೆ ತಂದರು. ಇಳಿಸಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಹೌಸಾಬಾಯಿ ಹಿಂದಿನ ಮೂಲೆಯ ತಗಡನ್ನು ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿದೆ ಎಂದಳು. ಆ ಒಂದು ಮಾತಿಗೇ ರಖಮಾಬಾಯಿಯ ಕಟ್ಟೆ ಒಡೆಯಿತು.

"ವೈನಿ, ಮನಿಗೆ ಬಂದುಬಿಡ್ರಿ. ನನ್ನ ಕಡಿಂದ ಒಬ್ಬಾಕಿ ಇರೂದು ಆಗವಲ್ದು. ಹಿಂದನ ಕೇಳಬೇಕಿತ್ತು, ನಿಮ್ಮ ಮನ್ಯಾಗ ನಿಮಗ ಇರ್ರಿ ಅನ್ನಾಕ ನಾ ಯಾರು ಅಂತ ಸುಮ್ನಾದೆ."

ಹೌಸಾಬಾಯಿ ಅವಳನ್ನೇ ನೋಡಿದಳು.

"ನನ್ನ ಮನಿ? ನಾ ಅದನ್ನ ನಿನ್ನ ಮನಿ ಅಂದ್ಕೊಂಡು ಕುಂತಿದ್ನಲ್ಲ ರಖಮಾ."

ಆಮೇಲೆ ಇಬ್ಬರೂ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅತ್ತರು, ಮಧ್ಯೆ ನಕ್ಕರು, ಮತ್ತೆ ಅತ್ತರು. ಹೌಸಾಬಾಯಿ ಇನ್ನೊಂದು ಮಾತೂ ಹೇಳಿದಳು. ಮೊದಲ ದಿನವೇ ಮೂಲೆಯಲ್ಲಿ ಬರೀ ಬಟ್ಟೆ ಇದ್ದದ್ದು ಅವಳಿಗೆ ತಿಳಿದಿತ್ತಂತೆ. ಅಷ್ಟು ಆಸೆಯಿಂದ ಮಾಡಿದ್ದಕ್ಕೆ ಹುಳುಕು ತೆಗೆದರೆ ಮತ್ತೆ ಮುನಿಸಾದೀತೆಂದು ಹೇಳದೆ ಉಳಿದಳಂತೆ. ಪಾಪ ಕೆಂಚಿ. ಅವಳನ್ನು ಕೊಂದದ್ದು ಮುಂಗುಸಿ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ರಖಮಾಬಾಯಿ ಗಂಟು ಕಟ್ಟಿರಿ, ಗಾಡಿ ಇದೆ, ಈಗಲೇ ಹೋಗೋಣ ಎಂದಳು. ಒಳಗಿನಿಂದ ಕಾಯಿಲೆಯವಳು ನೀರಿಗೆ ಕೂಗಿದಳು. ಹೌಸಾಬಾಯಿ ಎದ್ದು ಹೋಗಿ ಕುಡಿಸಿ ಬಂದು, ಬಾಗಿಲಲ್ಲೇ ನಿಂತಳು. ಆಕೆ ಇರುವವರೆಗೆ ತಾನು ಬರಲಾರೆ ಎಂದಳು.

"ನೀ ಕರದಿ. ಅಷ್ಟ ಸಾಕು ಈಗ. ನಾ ಬರಾಕಿನ, ಆದ್ರ ಇವತ್ತಲ್ಲ."

ರಖಮಾಬಾಯಿ ಖಾಲಿ ಗಾಡಿಯಲ್ಲಿ ಹಿಂದಕ್ಕೆ ಹೋದಳು. ಗಾಡಿಯ ಹಿಂಭಾಗದಲ್ಲಿ ನಾನಿದ್ದ ಜಾಗ ಬರಿದಾಗಿ ಕಾಣುತ್ತಿತ್ತು.

ಅಲ್ಲಿಂದ ಎಷ್ಟು ವರ್ಷ ಹೋದವೋ ನಾನು ಲೆಕ್ಕ ಇಟ್ಟಿಲ್ಲ. ನನ್ನೊಳಗೆ ಕೋಳಿಗಳು ಬಂದವು, ಹೋದವು. ಮುಂಗುಸಿ ಮತ್ತೆ ಒಳಗೆ ಬರಲಿಲ್ಲ. ಆದರೂ ಅದು ಒಬ್ಬಂಟಿತನದ ಕಾಲವೇ. ಹೌಸಾಬಾಯಿಗೆ ನನ್ನ ಹತ್ತಿರ ಕೂರಲು ಪುರಸೊತ್ತು ಸಿಗುತ್ತಿರಲಿಲ್ಲ. ನುಚ್ಚು ಎರಚಿ ಓಡುವಳು. ಅಮವಾಸ್ಯೆ ಬಂದರೆ ಮಾತ್ರ ಬೆಳಗಿನಿಂದ ಬಸ್ಸಿನ ದಾರಿ ನೋಡುವಳು. ರಖಮಾಬಾಯಿ ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವಳು. ಆ ನಡುವಿನ ಹೊತ್ತಿನಲ್ಲಿ ಇಬ್ಬರೂ ಮಾತಾಡುವುದನ್ನು ಕೇಳಬೇಕು, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲ. ಬಸ್ಸು ಹೋದ ಮೇಲೆ ಹೌಸಾಬಾಯಿ ಕತ್ತಲಾಗುವವರೆಗೆ ನನ್ನ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಕೋಳಿಗಳೆಲ್ಲ ಒಳಗೆ ಸೇರಿದ ಮೇಲೂ ಚಿಲಕ ಹಾಕುತ್ತಿರಲಿಲ್ಲ.

ಕಾಯಿಲೆಯವಳು ಕೊನೆಗೆ ನೆಮ್ಮದಿಯಿಂದ ಹೋದಳು, ಹೌಸಾಬಾಯಿಯ ತೊಡೆಯ ಮೇಲೆಯೇ. ಅಷ್ಟರಲ್ಲಿ ಮನೆಗೆ ಸೊಸೆ ಬಂದಿದ್ದಳು. ಎಲ್ಲ ಕಾರ್ಯ ಮುಗಿದ ಮೇಲೆ ಹೌಸಾಬಾಯಿ ಅಣ್ಣನ ಮುಂದೆ ನಿಂತು, ಇನ್ನು ತನ್ನ ಮನೆಗೆ ಹೋಗುತ್ತೇನೆ ಎಂದಳು. ಇದೇ ನಿನ್ನ ಮನೆ ಎಂದ ಧೋಂಡಿಬಾ. ಇದು ತವರು, ಮನೆ ಬೆಟಗೇರಿಯಲ್ಲಿದೆ ಎಂದಳು ಅವಳು.

ಮರುದಿನವೇ ರಖಮಾಬಾಯಿ ಟಂಟಂ ತಂದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು, ದಪ್ಪ ಕನ್ನಡಕ ಬಂದಿತ್ತು. ಕೋಳಿಗಳನ್ನು ನೆರೆಹೊರೆಗೆ ಹಂಚಿದರು. ಟ್ರಂಕು, ಹಾಸಿಗೆಯ ಸುರುಳಿ, ಒಂದು ಚೀಲ ಜೋಳ ಗಾಡಿ ಏರಿದವು. ಆಗ ಹೌಸಾಬಾಯಿ ನನ್ನ ಕಡೆ ನೋಡಿ, ಇದನ್ನೂ ಒಯ್ಯೋಣವೇ ಎಂದು ಕೇಳಿದಳು. ರಖಮಾಬಾಯಿ ಹತ್ತಿರ ಬಂದು, ಕನ್ನಡಕ ಮೇಲೆ ಸರಿಸಿ, ನನ್ನ ಕಾಲುಗಳನ್ನು ಮುಟ್ಟಿ ನೋಡಿದಳು. ಗೆದ್ದಲು ತಿಂದು ಅವು ಪುಡಿಯಾಗಿದ್ದವು. ನನ್ನ ಹಲಗೆಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟಳು.

"ಬ್ಯಾಡ್ರಿ ವೈನಿ. ಇದು ಇಲ್ಲೇ ಇರ್ಲಿ."

ಅವಳ ಮಾತು ಸರಿಯೇ. ಎತ್ತಿದ್ದರೆ ನಾನು ಅಲ್ಲೇ ಮುರಿದುಬೀಳುತ್ತಿದ್ದೆ. ವೈನಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲೆಂದು ಅವಳು ನನ್ನನ್ನು ಮಾಡಿದ್ದಳು, ವೈನಿ ಈಗ ಮನೆಗೆ ಹೊರಟು ನಿಂತಿದ್ದಳು, ಇನ್ನು ನನ್ನಿಂದ ಅವರಿಗೆ ಆಗಬೇಕಾದದ್ದೇನು? ಇದೆಲ್ಲ ನನಗೆ ತಿಳಿಯುತ್ತದೆ. ತಿಳಿದರೂ ಸಂಕಟವಾಯಿತು.

ಈಗ ಧೋಂಡಿಬಾನ ಸೊಸೆ ನನ್ನೊಳಗೆ ಒಲೆಗೆಂದು ಸಗಣಿಯ ಕುಳ್ಳು ಜೋಡಿಸಿಟ್ಟಿದ್ದಾಳೆ. ಕುಳ್ಳು ಸದ್ದು ಮಾಡುವುದಿಲ್ಲ, ಅದರಲ್ಲಿ ಬಿಸುಪೂ ಇಲ್ಲ. ತಗಡು ತುಕ್ಕು ಹಿಡಿದಿದೆ, ಒಂದು ಕಾಲು ನೆಲಕ್ಕೆ ಇಳಿದಿದೆ. ಮುಂದಿನ ಮಳೆಗಾಲ ನಾನು ಕಾಣಲಿಕ್ಕಿಲ್ಲ. ಬೇಸರವಿದೆಯೇ ಎಂದರೆ ಇದೆ, ಸುಳ್ಳೇಕೆ ಹೇಳಲಿ. ಆದರೆ ಆ ದಿನ ಗಾಡಿ ಹೊರಟಾಗ ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲವಲ್ಲ, ಅದಕ್ಕೆ ಮಾತ್ರ ನನಗೆ ಬೇಸರವಿಲ್ಲ. ಅವರಿಗೆ ಪುರಸೊತ್ತೇ ಇರಲಿಲ್ಲ, ಟ್ರಂಕಿನ ಪಕ್ಕ ಒತ್ತಿಕೊಂಡು ಕೂತು ಒಂದೇ ಸಮ ಮಾತಾಡುತ್ತಿದ್ದರು. ಓಣಿ ತಿರುಗುವಲ್ಲಿ ಡ್ರೈವರ್ ಎಡಕ್ಕೋ ಬಲಕ್ಕೋ ಎಂದು ಎರಡು ಸಲ ಕೇಳಿದ, ಅವನಿಗೆ ಯಾರೂ ಉತ್ತರ ಕೊಡಲಿಲ್ಲ.